ಹಲ್ಲು ಕಿರಿದ ಶ್ರದ್ಧಾಂಜಲಿ

"ನಾಳೆ ನೋಡ್ತಿರು, ಡಿಪೋದ ಗೋಡೆಗಳೂ ಅಳ್ಬೇಕು!" ಎಂದು ಸ್ಪೀಕರಪ್ಪ ಹೆಂಡತಿಯ ಮುಂದೆ ಎದೆಯುಬ್ಬಿಸಿದ. ಬಸ್ ಡಿಪೋದ ಕಾರ್ಮಿಕ ಸಂಘದ ಕಾರ್ಯದರ್ಶಿಗೆ ಆ ಹೆಸರು ಸುಮ್ಮನೆ ಬಂದಿರಲಿಲ್ಲ. ಹದಿನೆಂಟು ವರ್ಷಗಳಿಂದ ಅಲ್ಲಿ ಯಾರು ಸತ್ತರೂ ಶ್ರದ್ಧಾಂಜಲಿ ಭಾಷಣ ಅವನದೇ.

ಈ ಸಲ ಸತ್ತವನು ಹೆಡ್ ಮೆಕ್ಯಾನಿಕ್, ಒಂದು ಕಾಲದ ಜೀವದ ಗೆಳೆಯ. ಸಂಘದ ಚುನಾವಣೆಯಲ್ಲಿ ಎದುರು ನಿಂತನೆಂದು ಸ್ಪೀಕರಪ್ಪ ಅವನೊಡನೆ ನಾಲ್ಕು ವರ್ಷ ಮಾತು ಬಿಟ್ಟಿದ್ದ. ಆಸ್ಪತ್ರೆಗೆ ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುವಷ್ಟರಲ್ಲಿ ಗೆಳೆಯನೇ ಹೊರಟುಹೋದ. 'ಇವನಿಗೆ ಒಳಗೊಳಗೇ ಖುಷಿ' ಎಂದು ಡಿಪೋ ಗುಸುಗುಸು ಎನ್ನುತ್ತಿತ್ತು. ಹಾಗಲ್ಲವೆಂದು ಗೆಳೆಯನ ಹೆಂಡತಿಯಾದರೂ ನಂಬಬೇಕು. ಅದೊಂದೇ ಅವನನ್ನು ಕೊರೆಯುತ್ತಿತ್ತು.

ತೊಡಕಿದ್ದದ್ದು ಮೇಲಿನ ಎರಡು ಮುಂಬಲ್ಲುಗಳಲ್ಲಿ. ಅವಕ್ಕೆ ತಾತ್ಕಾಲಿಕ ಕ್ಯಾಪ್ ಹಾಕಿದ ಡಾಕ್ಟರಮ್ಮ, "ಎರಡು ವಾರ ಅಂಟಂಟು ತಿಂಡಿ, ಗಟ್ಟಿ ತಿಂಡಿ ಕಚ್ಚಬೇಡಿ. ಹಲ್ಲಿನ ಸಂದಿ ಶುಚಿ ಮಾಡೋಕೆ ದಾರ ಹಾಕಿದ್ರೆ ಕೆಳಕ್ಕೆ ಎಳೀದೆ ಪಕ್ಕಕ್ಕೆ ಜಾರಿಸಿ ತೆಗೀರಿ. ಕಳಚಿದ್ರೆ ನೀವೇ ಅಂಟಿಸ್ಕೋಬೇಡಿ, ಸೀದಾ ಇಲ್ಲಿಗೆ ಬನ್ನಿ" ಎಂದಿದ್ದರು.

ಸಭೆಯ ದಿನ ಬೆಳಿಗ್ಗೆ ಸ್ಪೀಕರಪ್ಪ ಸಂದಿಗೆ ದಾರ ಹಾಕಿ, ಹಳೇ ಜನರೇಟರ್ ಸ್ಟಾರ್ಟ್ ಮಾಡುವವನ ಹಾಗೆ ಒಂದೇ ಏಟಿಗೆ ಎಳೆದ. ಎರಡೂ ಕ್ಯಾಪ್ ಸಿಂಕಿನಲ್ಲಿ!

"ಡಾಕ್ಟರ ಹತ್ರ ನಡೀರಿ" ಎಂದಳು ಹೆಂಡತಿ.

"ಸಭೆಗೆ ಅರ್ಧ ಗಂಟೆ ಇದೆ ಕಣೇ! ಬಸ್ಸಿನ ಕನ್ನಡಿ ಹಿಡಿಯೋ ಗಮ್ಮು ಎರಡು ಹಲ್ಲು ಹಿಡಿಯಲ್ವಾ?"

"ಬಾಯಿಗೆ ಹಾಕೋ ವಸ್ತುನಾ ಅದು?"

ಅಷ್ಟರಲ್ಲಿ ಹಾಕಿಯಾಗಿತ್ತು. ಗಮ್ಮು ನಿಯತ್ತಿನದು. ಹಲ್ಲನ್ನೂ ಹಿಡಿಯಿತು, ಬೆರಳಿನಿಂದ ಎತ್ತಿ ಹಿಡಿದಿದ್ದ ಮೇಲ್ದುಟಿಯನ್ನೂ ಒಸಡಿಗೆ ಅಂಟಿಸಿಬಿಟ್ಟಿತು. ಹೆಂಡತಿ ಬಿಸಿನೀರು ಹಾಕಿದಳು, ಎಣ್ಣೆ ಸವರಿದಳು, ಬಾಯಿ ತುಂಬ ಬೈದಳು. ತುಟಿ ಕೆಳಗಿಳಿಯಲಿಲ್ಲ.

ಹೊತ್ತು ಮೀರಿತ್ತು. ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡೇ ಸ್ಪೀಕರಪ್ಪ ಸಭೆಗೆ ಹೋದ. ಮೈಕಿನ ಮುಂದೆ ಕರವಸ್ತ್ರ ತೆಗೆಯಲೇಬೇಕಾಯಿತು. ಸತ್ತವನ ಫೋಟೊ ಪಕ್ಕದಲ್ಲಿ ಹಲ್ಲು ಕಿರಿದುಕೊಂಡು ನಿಂತ ಕಾರ್ಯದರ್ಶಿ! ಬಾಯಿಂದ ಬರೀ ಗಾಳಿ ಹೊರಟಿತು.

"ಸಾವಿನಲ್ಲೂ ನಗ್ತಾನಲ್ರೀ!" ಎಂದ ಒಬ್ಬ ಡ್ರೈವರ್.

"ಇಳಿಸ್ರೋ ಅವನನ್ನ!"

ಸ್ಪೀಕರಪ್ಪ ಫೋಟೊ ಕಡೆ ತಿರುಗಿದ. ನಾಲ್ಕು ವರ್ಷಗಳ ಮೇಲೆ ಆ ಮುಖವನ್ನು ನೆಟ್ಟಗೆ ನೋಡಿದ್ದು ಇದೇ ಮೊದಲು. ದುಃಖ ಒತ್ತರಿಸಿ ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತ.

ಗೆಳೆಯನ ಹೆಂಡತಿ ಎದ್ದು ಬಂದು ಅವನ ಪಕ್ಕ ಕೂತಳು.

"ಅಳಿ ಅಣ್ಣಾ, ಪರವಾಗಿಲ್ಲ. ಆಸ್ಪತ್ರೇಲಿ ಅವರು ಒಂದೇ ಒಂದು ಮಾತು ಕೇಳ್ಕೊಂಡಿದ್ರು. 'ನಾನು ಸತ್ತಾಗ ಅವನು ಬಂದ್ರೆ ಸಾಕು, ದಯವಿಟ್ಟು ಭಾಷಣ ಮಾತ್ರ ಬೇಡ' ಅಂತ. ಇದನ್ನ ನಿಮಗೆ ಹೆಂಗಪ್ಪಾ ಹೇಳೋದು ಅಂತ ಬೆಳಿಗ್ಗೆಯಿಂದ ಒದ್ದಾಡ್ತಿದ್ದೆ."