ಮಾಮ ತೆಗೆದ ಹೀರೋಯಿನ್ ಇಲ್ಲದ ಪಿಚ್ಚರ್

ನಮ್ಮ ಮಾಮನಿಗೆ ಸಿಟ್ಟು ಬರುತ್ತಿತ್ತು ಅಂದರೆ ತಪ್ಪಾಗುತ್ತೆ. ಬರೋದಕ್ಕೆ ಅದು ಹೋಗಿದ್ದರೆ ತಾನೆ? ಬೆಳಿಗ್ಗೆ ಅವರ ಜೊತೆಗೇ ಎದ್ದು, ಅವರ ಜೊತೆಗೇ ಹಲ್ಲುಜ್ಜಿ, ಅವರ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಅದೂ ದೊಡ್ಡಬಳ್ಳಾಪುರದ ಪೇಟೆ ಬೀದಿಗೆ ಹೊರಡುತ್ತಿತ್ತು!

ಮಾಮ ನನ್ನ ಅಮ್ಮನ ತಮ್ಮ. ನಲವತ್ತು ಹತ್ತಿರವಾದರೂ ಮದುವೆಯಾಗಿರಲಿಲ್ಲ. ಪೇಟೆ ಬೀದಿಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ. ನನಗೆ ಆಗಷ್ಟೇ ಅದೇ ಊರಲ್ಲಿ ಟೀಚರ್ ಕೆಲಸ ಸಿಕ್ಕಿದ್ದರಿಂದ ಮಾಮ ಮತ್ತು ಅಜ್ಜಿಯ ಜೊತೆಯಲ್ಲೇ ಇದ್ದೆ. "ಸ್ವಲ್ಪ ನಗಿ" ಅನ್ನೋದು ಲೋಕದ ಫೋಟೋಗ್ರಾಫರುಗಳ ಪದ್ಧತಿ. ನಮ್ಮ ಮಾಮ ಮಾತ್ರ ಕಪ್ಪು ಬಟ್ಟೆಯೊಳಗಿಂದ, "ಯಾಕ್ರೀ ಹಲ್ಲು ಕಿರೀತೀರಾ? ಏನು ಸಾಧಿಸಿದೀರಿ ಅಂತ?" ಎಂದು ಗದರುತ್ತಿದ್ದರು. ಹಾಗಾಗಿ ಆ ಕಾಲದಲ್ಲಿ ನಮ್ಮೂರ ಹೆಣ್ಣುಮಕ್ಕಳ ಫೋಟೋಗಳಲ್ಲೆಲ್ಲ ಕಣ್ಣು ಗಾಬರಿ, ತಲೆ ನೆಲಕ್ಕೆ. ಗಂಡಿನ ಕಡೆಯವರು ಅದನ್ನು ನೋಡಿ "ಹುಡುಗಿ ಬಲು ವಿನಯವಂತೆ" ಅಂತ ಒಪ್ಪಿಕೊಳ್ಳುತ್ತಿದ್ದರು!

ಎಪ್ಪತ್ತರ ದಶಕ. ಒಂದು ಭಾನುವಾರ ಬೆಂಗಳೂರಿಗೆ ಹೋಗಿ ಪಿಚ್ಚರ್ ನೋಡಿಕೊಂಡು ಬಂದ ಮಾಮ ಚಪ್ಪಲಿ ಬಿಡದೆ ನಡುಮನೆಗೇ ನುಗ್ಗಿದರು.

"ಅದೇ ಹೀರೋ, ಅದೇ ಹೀರೋಯಿನ್, ಅದೇ ಗಿಡ ಸುತ್ತೋದು! ಒಬ್ಬ ಗಂಡಸು ಇನ್ನೊಬ್ಬ ಗಂಡಸನ್ನ ಪ್ರೀತಿಸೋ ಪಿಚ್ಚರ್ ಒಂದಾದ್ರೂ ತೆಗೆದವ್ರೇನೇ ಇವ್ರು? ಅಂಥೋರು ಲೋಕದಲ್ಲೇ ಇಲ್ವಾ? ಟಿಕೆಟ್ ತಗೊಳ್ವಾಗ ಮಾತ್ರ ಇರ್ತೀವಾ?"

"ಇರ್ತೀವಾ" ಅಂದರು. "ಇರ್ತಾರಾ" ಅನ್ನಲಿಲ್ಲ. ನಾನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತಿ ನೋಡಿದೆ. ಅವರೂ ನನ್ನನ್ನೇ ನೋಡಿದರು, ಏನಾದರೂ ಅನ್ನು ನೋಡೋಣ ಅನ್ನೋ ಹಾಗೆ. ನಾನು, "ಹಂಗಾದ್ರೆ ನೀವೇ ತೆಗೀರಿ ಮಾಮ" ಅಂದೆ.

"ತೆಗೀತೀನಿ ಕಣೇ! ಹೆದರ್ತೀನಿ ಅನ್ಕೊಂಡ್ಯಾ?"

ಜಗಳಕ್ಕೆ ಬಂದವರಿಗೆ ನಾನು ಒಪ್ಪಿಗೆ ಕೊಟ್ಟುಬಿಟ್ಟಿದ್ದೆ. ಅವರಿಗೆ ಅದಕ್ಕೂ ಸಿಟ್ಟು!

ಒಲೆ ಮುಂದಿದ್ದ ಅಜ್ಜಿ ಎಲ್ಲ ಕೇಳಿಸಿಕೊಂಡು, "ಪಿಚ್ಚರ್‌ನಲ್ಲಿ ಹೆಣ್ಣು ಯಾರೋ?" ಅಂದರು.

"ಹೆಣ್ಣಿಲ್ಲಮ್ಮ. ಇಬ್ಬರೂ ಗಂಡಸರೇ. ಇಬ್ಬರಿಗೂ ಪ್ರೀತಿ."

"ಅಯ್ಯೋ ಶಿವನೇ! ಮತ್ತೆ ಅಡಿಗೆ ಯಾರು ಮಾಡ್ತಾರೆ?"

"ಇಬ್ಬರೂ ಮಾಡ್ತಾರೆ!"

ಅಜ್ಜಿ ಸೌಟು ಕೆಳಗಿಟ್ಟು ಒಂದು ಗಳಿಗೆ ಯೋಚನೆ ಮಾಡಿದರು. "ಹಂಗಾದ್ರೆ ಒಳ್ಳೇ ಪಿಚ್ಚರ್ರೇ ಬಿಡು" ಅಂದರು.

ಕ್ಯಾಮೆರಾ ಬಂತು. ಬೆಂಗಳೂರಿನಲ್ಲಿ ಯಾರೋ ಮೂಲೆಗೆ ಎಸೆದಿದ್ದ, ಕೀಲಿ ಕೊಟ್ಟರೆ ಓಡುವ ಹಳೇ ಕ್ಯಾಮೆರಾ. ರೀಲು ಅಂದರೆ ದೊಡ್ಡ ಕಂಪನಿಗಳವರು ಕತ್ತರಿಸಿ ಬಿಟ್ಟ ತುಂಡುಗಳು. ಮಾತು ಹಿಡಿಯುವ ಯಂತ್ರ ಇಲ್ಲವೇ ಇಲ್ಲ. "ಮೂಕಿ ಪಿಚ್ಚರ್ ಯಾರು ನೋಡ್ತಾರೆ ಮಾಮ?" ಅಂದರೆ, "ಈ ಊರಲ್ಲಿ ಮಗ್ಗದ ಸದ್ದಿಗೆ ಗಂಡ ಹೆಂಡತಿ ಮಾತೇ ಕೇಳ್ಸಲ್ಲ. ಸಂಸಾರ ನಡೀತಿಲ್ವಾ?" ಅಂದರು.

ನಾಯಕ ಬೇಕಾಯಿತು. ತ್ಯಾಮಗೊಂಡ್ಲಿನಿಂದ ಒಬ್ಬ ಟೈಲರ್ ಬಂದ. ಪೌರಾಣಿಕ ನಾಟಕಗಳಲ್ಲಿ ಹೆಣ್ಣಿನ ಪಾತ್ರ ಕಟ್ಟಿ ಸುತ್ತಮುತ್ತ ಹೆಸರಾಗಿದ್ದವನು. ಪ್ರೀತಿಯ ಪಿಚ್ಚರ್ ಅಂತ ಯಾರೋ ಹೇಳಿದ್ದಕ್ಕೆ ರೇಷ್ಮೆ ಸೀರೆ, ಚೌರಿ, ಗಾಜಿನ ಬಳೆ ಎಲ್ಲ ಹೊತ್ತು ತಂದು, ಸ್ಟುಡಿಯೋದ ಪರದೆ ಹಿಂದೆ ಸಿಂಗಾರ ಮಾಡಿಕೊಂಡು ಹೊರಗೆ ಬಂದ. ನೋಡಿ ನನಗೇ ಹೊಟ್ಟೆಕಿಚ್ಚಾಯಿತು!

"ತೆಗೀರಿ ಅದನ್ನ! ಪ್ಯಾಂಟು ಶರ್ಟು ಹಾಕ್ಕೊಂಡು ಬನ್ನಿ!" ಮಾಮ ಗುಡುಗಿದರು.

"ಪ್ಯಾಂಟು ಹಾಕ್ಕೊಂಡ್ರೆ ನನ್ನ ಯಾರು ಪ್ರೀತಿಸ್ತಾರಣ್ಣಾ?"

"ಇನ್ನೊಬ್ಬ ಗಂಡಸು!"

ಟೈಲರ್ ಬಳೆಗಳನ್ನು ಒಂದೊಂದಾಗಿ ಕಳಚಿದ. ಆಮೇಲೆ ಮೆಲ್ಲಗೆ, "ಸೀರೆ ಉಡದೇನೂ ಪ್ರೀತಿಸ್ತಾನಾ?" ಅಂದ. ಮಾಮ ಲೈಟು ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿಕೊಂಡರು. ಟೈಲರ್ ಒಳಗೆ ಹೋಗಿ ಮುಖ ತೊಳೆದು, ಪ್ಯಾಂಟು ಹಾಕಿಕೊಂಡು ಬಂದ.

ಇನ್ನೊಬ್ಬ ನಾಯಕ ಬಸ್ ಕಂಡಕ್ಟರ್. ಹೊಸಕೋಟೆ ಕಡೆಯವನು, ಹುರಿಮೀಸೆ, ಬಾಯಿಬಡುಕ. ಕಥೆ ಕೇಳಿ, "ಅಣ್ಣಾ, ನಾನು ಮಕ್ಕಳೊಂದಿಗ. ನನಗೆ ಅದೆಲ್ಲ ಗೊತ್ತಾಗಲ್ಲ" ಅಂದ.

"ನೀನು ಯಾವತ್ತೂ ಯಾರನ್ನೂ ಕಾಯ್ಕೊಂಡು ಕೂತಿಲ್ವೇನೋ?"

"ಕೂತಿದೀನಿ."

"ಅಷ್ಟೇ ಕಣೋ. ಅದನ್ನೇ ಮಾಡು."

ಕಥೆಯೂ ಅಷ್ಟೇ ಇತ್ತು. ಒಬ್ಬ ಟೈಲರ್, ಒಬ್ಬ ಕಂಡಕ್ಟರ್. ಬಸ್ಸಿನಲ್ಲಿ ಪರಿಚಯ. ಒಬ್ಬನಿಗಾಗಿ ಇನ್ನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಕಾಯುವುದು, ಹೋಟೆಲಿನಲ್ಲಿ ಒಂದು ಕಾಫಿ ಇಬ್ಬರು ಹಂಚಿಕೊಂಡು ಕುಡಿಯುವುದು, ಮನೆಯವರು ಹೆಣ್ಣು ನೋಡಿಕೊಂಡು ಬರುವುದು.

ಹೊಸಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಶೂಟಿಂಗ್. ಕ್ಯಾಮೆರಾ ಕಂಡದ್ದೇ ತಡ, ತರಕಾರಿ ಮೂಟೆಯವರು, ಹಾಲಿನ ಕ್ಯಾನಿನವರು ಎಲ್ಲ ಸುತ್ತುಗಟ್ಟಿದರು. "ಹೀರೋಯಿನ್ ಎಲ್ಲಿ? ಹೀರೋಯಿನ್ ತೋರ್ಸಿ!" ಮಾಮನ ಕಿವಿ ಕೆಂಪಗಾಗುವುದು ನೋಡಿ ನಾನೇ ಮುಂದೆ ಬಂದು, "ಹೀರೋಯಿನ್ ಊಟಕ್ಕೆ ಹೋಗಿದಾರೆ" ಅಂದುಬಿಟ್ಟೆ. ಜನ ತಣ್ಣಗಾದರು. ನಾವು ಅವರ ಮುಂದೆಯೇ ಇಡೀ ಪ್ರೇಮದ ದೃಶ್ಯ ತೆಗೆದೆವು. ಒಬ್ಬನೂ ನೋಡಲಿಲ್ಲ, ಎಲ್ಲರ ಕಣ್ಣೂ ಹೋಟೆಲ್ ಬಾಗಿಲ ಮೇಲೆ! ನಾವು ಸಾಮಾನು ಕಟ್ಟಿ ಬಸ್ಸು ಹತ್ತುವಾಗಲೂ ಒಬ್ಬ ಯಜಮಾನ ಕೂಗಿದ: "ಏನಮ್ಮಾ, ಎಷ್ಟು ಹೊತ್ತು ಉಣ್ತಾಳೆ ಆಯಮ್ಮ?"

ಒಂದು ದೃಶ್ಯ ಮಾತ್ರ ನಗಿಸಲಿಲ್ಲ. ಟೈಲರ್ ಕಂಡಕ್ಟರನಿಗೆ ಹೊಸ ಶರ್ಟಿನ ಅಳತೆ ತೆಗೆಯುವುದು. ಟೇಪು ಹೆಗಲಿಂದ ಹೆಗಲಿಗೆ ಹೋಯಿತು, ಕುತ್ತಿಗೆ ಸುತ್ತಿತು. ಆಮೇಲೆ ಟೈಲರನ ಕೈ ಆ ಹೆಗಲ ಮೇಲೆ ಸುಮ್ಮನೆ ನಿಂತಿತು. ಮಾಮ ಹಾಗೆ ಮಾಡು ಅಂತ ಹೇಳಿರಲಿಲ್ಲ. ಕ್ಯಾಮೆರಾದ ಕೀಲಿ ಮುಗಿದು ನಿಂತರೂ ಯಾರೂ ಅಲ್ಲಾಡಲಿಲ್ಲ.

ಕೊನೆಯ ದೃಶ್ಯಕ್ಕೆ ಯುದ್ಧವೇ ಆಯಿತು. ಕಂಡಕ್ಟರ್, "ಒಬ್ಬನ್ನ ಕೆರೆಗೆ ಹಾರ್ಸಿಬಿಡಿ ಅಣ್ಣಾ. ಇಬ್ಬರಲ್ಲಿ ಒಬ್ಬನಾದ್ರೂ ಸಾಯದಿದ್ರೆ ಜನ ಒಪ್ಪಲ್ಲ" ಅಂದ. ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಪಿಚ್ಚರ್ ಓಡಲಿ ಅಂತಲೇ ಹೇಳಿದ್ದು. ಮಾಮನ ಎಲ್ಲ ಸಿಟ್ಟುಗಳನ್ನೂ ನೋಡಿದ್ದೀನಿ ಅಂದುಕೊಂಡಿದ್ದೆ. ಇದನ್ನು ನೋಡಿರಲಿಲ್ಲ. ದನಿ ಏರಲೇ ಇಲ್ಲ.

"ಯಾಕ್ ಸಾಯ್ಬೇಕು? ಏನು ತಪ್ಪು ಮಾಡಿದಾರೆ ಅಂತ ಸಾಯ್ಬೇಕು? ನಿಜವಾಗ್ಲೂ ಸತ್ತೋರನ್ನ ನೋಡಿದೀನಿ ಕಣೋ ನಾನು. ನಾನು ತೆಗೆಯೋ ಪಿಚ್ಚರಲ್ಲಿ ಸಾಯಲ್ಲ."

ಇಬ್ಬರೂ ಕೆರೆ ಏರಿಯ ಮೇಲೆ ಕೂತು ಬೇಯಿಸಿದ ಕಡಲೆಕಾಯಿ ತಿಂದರು. ಒಬ್ಬ ಸುಲಿಯುವುದು, ಇನ್ನೊಬ್ಬ ತಿನ್ನುವುದು. ಪಿಚ್ಚರ್ ಮುಗೀತು.

ರೀಲನ್ನು ಮದರಾಸಿನಲ್ಲಿ ತೊಳೆಸಿಕೊಂಡು ಬಂದು, ಒಂದು ಭಾನುವಾರ ಮಧ್ಯಾಹ್ನ ಪರಿಚಯದವರ ಮಗ್ಗದ ಶೆಡ್ಡಿನಲ್ಲಿ ಪ್ರದರ್ಶನ ಇಟ್ಟೆವು. ಮಗ್ಗಗಳಿಗೆ ರಜ. ಕಿಟಕಿಗಳಿಗೆಲ್ಲ ಗೋಣಿತಾಟು. ಪರದೆಗೆ ಅಜ್ಜಿಯ ಬಿಳೀ ದುಪ್ಪಟಿ, ಬಾಡಿಗೆಗೆ ತಂದ ಪ್ರೊಜೆಕ್ಟರ್. ಊರಿನವರು ಮಕ್ಕಳು ಮರಿ ಕಟ್ಟಿಕೊಂಡು ಬಂದರು. ಮುಂದಿನ ಬೆಂಚಿನಲ್ಲಿ ನಮ್ಮ ಬೀದಿಯ ದೊಡ್ಡ ಮನುಷ್ಯರೊಬ್ಬರು, ಶಾಲು ಹೊದ್ದು. ಈ ಮಹಾನುಭಾವರಿಗೆ ಎರಡು ಬೀದಿಯಲ್ಲಿ ಎರಡು ಸಂಸಾರ. ಒಂದನ್ನು ಕೇಳಿದರೆ ಇನ್ನೊಂದು ನೆನಪಿರುತ್ತಿರಲಿಲ್ಲ!

ಬಸ್‌ಸ್ಟ್ಯಾಂಡು ಬಂದಾಗ ಜನ ನಕ್ಕರು, ಗುರುತಿನ ಮುಖ ಕಂಡು ಕೂಗಿದರು. ಅಳತೆಯ ದೃಶ್ಯ ಬಂತು. ಟೇಪು, ಹೆಗಲು, ಕೈ. ಆಗ ಎದ್ದರು ಶಾಲಿನ ಮನುಷ್ಯರು.

"ನಿಲ್ಸೋ! ಹೆಂಗಸರು ಮಕ್ಕಳ ಮುಂದೆ ಇದೇನೋ ಅಸಹ್ಯ? ಇಂಥದ್ದೆಲ್ಲ ನಮ್ಮೂರಲ್ಲಿಲ್ಲ!"

ಮಾಮ ಪ್ರೊಜೆಕ್ಟರ್ ಬಿಟ್ಟು ಅಲ್ಲಾಡಲಿಲ್ಲ. "ಇಲ್ಲದೇ ಇರೋದಕ್ಕೆ ಅಷ್ಟೊಂದು ಬೈಗುಳ ಯಾಕಯ್ಯಾ ಇಟ್ಕೊಂಡಿದೀರಾ?" ಅಂದರು.

ಬೈಗುಳ ಎಲ್ಲ ಒಟ್ಟಿಗೇ ಬಂದವು. ಚಪ್ಪಲಿ ತೂರಿ ಬಂತು. ಯಾರೋ ದುಪ್ಪಟಿಯನ್ನು ಎಳೆದು ಸೀಳಿದರು. ಈಗ ಬರೆಯುವಾಗಲೂ ನನಗೆ ಮೈ ಉರಿಯುತ್ತೆ. ಹೆಂಡತಿಗೆ ಹಾಡುಹಗಲೇ ಬೀದಿಯಲ್ಲಿ ಹೊಡೆಯುತ್ತಿದ್ದವರು, ನಾನು ಶಾಲೆಗೆ ಹೋಗುವಾಗ ಶಿಳ್ಳೆ ಹಾಕುತ್ತಿದ್ದವರು, ಇವರಿಗೆಲ್ಲ ಒಂದು ಹೆಗಲ ಮೇಲಿನ ಕೈ ಅಸಹ್ಯವಾಯಿತೇ? ನಾನೂ ಬೆಂಚು ಹತ್ತಿ ಬಾಯಿಗೆ ಬಂದಂತೆ ಕೂಗಿದೆ. ಏನು ಕೂಗಿದೆ ಅಂತ ಇಲ್ಲಿ ಬರೆಯಲಾರೆ; ನಾನು ಟೀಚರ್ ಆಗಿದ್ದವಳು!

ಆ ಗದ್ದಲದಲ್ಲಿ ಟೈಲರ್ ಎದ್ದು ಬೆಳಕಿಗೆ ಅಡ್ಡ ನಿಂತ. "ಅಲ್ಲಿರೋನು ನಾನೇ. ದುಪ್ಪಟಿ ಯಾಕೆ ಹರೀತೀರಾ? ಹೊಡೆಯೋದಾದ್ರೆ ನನಗೇ ಹೊಡೀರಿ" ಅಂದ. ಒಬ್ಬ ಕೈ ಎತ್ತಿದ. ಅಷ್ಟರಲ್ಲಿ ಕಿವಿ ಹರಿಯುವ ಹಾಗೆ ಸೀಟಿ! ಕಂಡಕ್ಟರ್ ಬಾಗಿಲು ತೆಗೆದು ನಿಂತಿದ್ದ. "ಇಳೀರಿ, ಇಳೀರಿ! ಬೇಗ ಬೇಗ ಇಳೀರಿ!" ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅಭ್ಯಾಸಬಲ ನೋಡಿ, ಜನ ಸಾಲಾಗಿ ಇಳಿದು ಹೋದರು, ಶಾಲಿನವರೂ ಸೇರಿ.

ಶೆಡ್ಡು ಖಾಲಿ. ಅಜ್ಜಿ ಹರಿದ ದುಪ್ಪಟಿ ಮಡಚುತ್ತಿದ್ದರು. ಮಾಮ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಚೆಲ್ಲಾಡಿದ್ದ ರೀಲು ಸುತ್ತುತ್ತಿದ್ದರು. ಆಗ ಕಂಡೆವು, ಹಿಂದೆ ಮಗ್ಗದ ಮರೆಯಲ್ಲಿ ಒಬ್ಬ ನಿಂತಿದ್ದ. ಪಂಚೆ, ಹೆಗಲ ಮೇಲೆ ಟವೆಲ್, ಬರಿಗಾಲು. ನಮಗಾರಿಗೂ ಪರಿಚಯದವನಲ್ಲ.

"ಎಲ್ಲಾ ಇಳಿದ್ರಲ್ಲಪ್ಪಾ. ನಿಂಗೇನು ಬೇಕು?" ಮಾಮ ಕೇಳಿದರು.

"ಸಾಸಲು ಕಡೆಯಿಂದ ಬಂದೆ ಸ್ವಾಮಿ. ಸಂತೇಲಿ ಯಾರೋ ಆಡ್ಕೊಂಡು ನಗ್ತಿದ್ರು, ಹಿಂಗೊಂದು ಪಿಚ್ಚರ್ ತೋರಿಸ್ತಾರಂತೆ ಅಂತ." ಟವೆಲ್ಲಿನ ತುದಿ ಹಿಂಡುತ್ತಾ ನಿಂತ. "ಪೂರ್ತಿ ಆಗ್ಲಿಲ್ಲ. ಆಮ್ಯಾಕೆ ಏನಾಯ್ತದೆ ಅವ್ರಿಗೆ?"

ಮಾಮ ಎದ್ದು, ರೀಲು ಏರಿಸಿ, ಸುಣ್ಣ ಬಳಿದ ಗೋಡೆಯ ಕಡೆಗೆ ಪ್ರೊಜೆಕ್ಟರ್ ತಿರುಗಿಸಿದರು. ನಾನು ಬಾಗಿಲು ಮುಚ್ಚಿದೆ. ಅವನು ಬೆಂಚಿನ ಮೇಲೆ ಕೂರಲಿಲ್ಲ, ಗೋಡೆಯ ಹತ್ತಿರವೇ ನೆಲದ ಮೇಲೆ ಕೂತ. ಹೆಣ್ಣು ನೋಡುವ ಶಾಸ್ತ್ರ ಬಂತು, ಜಗಳ ಬಂತು. ಕೆರೆ ಕಂಡ ಕೂಡಲೇ ಅವನು ಎರಡೂ ಕೈ ಬಾಯಿಗೆ ಒತ್ತಿಕೊಂಡ. ಒಬ್ಬ ಸುಲಿದ, ಇನ್ನೊಬ್ಬ ತಿಂದ. ಗೋಡೆ ಬೆಳ್ಳಗಾಯಿತು.

"ಮುಗೀತಾ ಸ್ವಾಮಿ?"

"ಮುಗೀತು."

"ಯಾರೂ ಸಾಯಲ್ವಾ?"

"ಇಲ್ಲಪ್ಪಾ. ಇಬ್ರೂ ಇದಾರೆ."

ಅವನು ಆ ಖಾಲಿ ಗೋಡೆಯನ್ನೇ ನೋಡುತ್ತಿದ್ದ. "ಕಡಲೆಕಾಯಿ ತಿನ್ನೋದು ಇನ್ನೊಂದ್ಸಲ ಹಾಕ್ತೀರಾ?" ಅಂದ.

ಮಾಮ ರೀಲು ಹಿಂದಕ್ಕೆ ಸುತ್ತಿದರು. ಯಂತ್ರ ಓಡಲು ಬಿಟ್ಟು, ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಮುಗಿದಾಗ ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಪ್ರತಿ ಸಲವೂ ರೀಲು ಸುತ್ತಿ ಹಾಕಿದವಳು ನಾನು. ಅವರಿಬ್ಬರೂ ಏಳಲೇ ಇಲ್ಲ.