ಮಾಡ್ಯೂಲಿನ ಹಣೆಗೆ ಕುಂಕುಮ

ಮನೆಗೆ ಯಾವ ವಸ್ತು ಬಂದರೂ ಅದಕ್ಕೊಂದು ಬೊಟ್ಟು ಕುಂಕುಮ ಇಡದೆ ನನ್ನ ಕೈ ಸುಮ್ಮನಿರುವುದಿಲ್ಲ. ಮಿಕ್ಸಿಗೆ ಇಟ್ಟಿದ್ದೇನೆ, ಗ್ಯಾಸ್ ಸಿಲಿಂಡರಿಗೂ ಇಟ್ಟಿದ್ದೇನೆ. ಖಾಲಿಯಾದ ಸಿಲಿಂಡರ್ ಮುಂದೆ ಯಾರ ಮನೆಗೆ ಹೋಗುತ್ತದೋ, ನಮ್ಮ ಕುಂಕುಮದಿಂದ ಅವರಿಗೂ ಒಳ್ಳೆಯದಾಗಲಿ.

ನಮ್ಮವರು ಹೊಳೆನರಸೀಪುರದಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದರು. ಕಂಟ್ರೋಲ್ ರೂಮ್ ಎಂಬುದು ನಮ್ಮ ದೇವರಮನೆಯ ಪಕ್ಕದ ಕೋಣೆ. ಅಲ್ಲಿ ಬೀರುವಿನೆತ್ತರದ ಕಬ್ಬಿಣದ ಚೌಕಟ್ಟು. ಅದರೊಳಗೆ ಪುಸ್ತಕ ಜೋಡಿಸಿದಂತೆ ಮಾಡ್ಯೂಲುಗಳೆಂಬ ಡಬ್ಬಿಗಳು, ಚಾನೆಲ್ಲಿಗೊಂದು. ಪ್ರತಿಯೊಂದರ ಮುಂದೂ ಸಾಸಿವೆ ಗಾತ್ರದ ದೀಪ: ಹಸಿರಾದರೆ ಕ್ಷೇಮ, ಕೆಂಪಾದರೆ ಕಾಯಿಲೆ. ಅದೇ ಕ್ಷೇಮಸಮಾಚಾರವನ್ನು ತಂತಿಯಲ್ಲಿ ತರಿಸಿಕೊಂಡು ಪರದೆಯಲ್ಲಿ ತೋರಿಸಲು ಒಂದು ಕಂಪ್ಯೂಟರೂ ಇತ್ತು. ಅವರು ಹೊರಗೆ ಹೋದಾಗ ಅದನ್ನು ನೋಡಿಕೊಳ್ಳುವವಳು ನಾನು. ಒಲೆಯ ಮೇಲಿನ ಹಾಲಿಗಿಂತ ಸಾಧು, ಉಕ್ಕುವುದಿಲ್ಲ.

ಆ ವರ್ಷ ಅತ್ತೆ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದರು. ವಿಜಯದಶಮಿಯ ದಿನ ನರಸಿಂಹಸ್ವಾಮಿಯ ಅಭಿಷೇಕವನ್ನು ಒಮ್ಮೆಯೂ ತಪ್ಪಿಸಿದವರಲ್ಲ. ತಾಯಿಯ ಕಣ್ಣೀರು ನೋಡಲಾರದೆ ಇವರು, ಗುಡಿಯಿಂದಲೇ ನೇರವಾಗಿ ಊರಿನ ಚಾನೆಲ್ಲಿನಲ್ಲಿ ತೋರಿಸುತ್ತೇನೆಂದು ಕ್ಯಾಮೆರಾ ಹೊತ್ತುಕೊಂಡು ಹೋದರು. ಮಂಗಳಾರತಿ ಕಾಣುವವರೆಗೆ ಬಾಯಿಗೆ ನೀರೂ ಬಿಡುವುದಿಲ್ಲವೆಂದು ಅತ್ತೆ ದಿಂಬಿಗೊರಗಿ ಟಿವಿ ಮುಂದೆ ಕೂತರು. ಹಾಲು ಮುಗಿದು ಜೇನುತುಪ್ಪದ ಅಭಿಷೇಕಕ್ಕೆ ಬಂದಿತ್ತು, ಪರದೆ ಕಪ್ಪಾಯಿತು.

ಎದುರುಮನೆಯ ನಂಜಮ್ಮ ಕಿಟಕಿಯಿಂದಲೇ ಕೇಳಿದಳು: "ಅಕ್ಕಾ, ಈಗ್ತಾನೆ ಇದ್ದ ದ್ಯಾವ್ರು ಎತ್ಲಾಗೆ ಓದ್ರು?"

ಅಷ್ಟರಲ್ಲಿ ಗುಡಿಯಿಂದ ಇವರ ಫೋನು. ಕಂಪ್ಯೂಟರಿನಲ್ಲಿ ಯಾವ ಮಾಡ್ಯೂಲ್ ಕೆಂಪು ನೋಡು ಎಂದರು. ಹಿಂದಿನ ದಿನ ಆಯುಧಪೂಜೆ; ಕಂಪ್ಯೂಟರನ್ನು ಆರಿಸಿ, ರವಿಕೆ ಕಣ ಹೊದಿಸಿ, ಮೇಲೆ ಸರಸ್ವತಿಯ ಪಟ ಕೂರಿಸಿದ್ದೆ. ಮರುಪೂಜೆಯಾಗದೆ ಕದಲಿಸುವಂತಿಲ್ಲ. ಹಾಗಾದರೆ ಮಾಡ್ಯೂಲುಗಳನ್ನೇ ನೋಡು ಎಂದರು. ನೋಡಿದೆ.

"ಎಲ್ಲಾನೂ ಕೆಂಪಗಿವೆ ಕಣ್ರೀ."

ಎಲ್ಲಾನಾ ಎಂದು ಇವರು ಕೂಗಿದ್ದು ಗುಡಿಯ ಮಂತ್ರದ ನಡುವೆಯೂ ಕೇಳಿಸಿತು. ಆಮೇಲೆ ನನಗೇ ಹೊಳೆಯಿತು, ಅದು ನಾನಿಟ್ಟ ಕುಂಕುಮ. ವಿಗ್ರಹಕ್ಕಾದರೆ ಹಣೆ ಇರುತ್ತದೆ. ಈ ಡಬ್ಬಿಗೆ ಹಣೆ ಎಲ್ಲಿ? ಹೊಳೆಯುವ ಜಾಗವೇ ಇರಬೇಕೆಂದು ದೀಪದ ಮೇಲೆಯೇ ಗಂಧ ಮೆತ್ತಿ ಕುಂಕುಮ ಒತ್ತಿದ್ದೆ. ಒಣಗಿ ಗಾರೆಯಾಗಿತ್ತು. ಇವರೇನೋ ಒರೆಸಿಬಿಡು ಎಂದರು. ಪೂಜೆಯ ಕುಂಕುಮ, ಅದೂ ಹಬ್ಬದ ದಿನ ಅಳಿಸುವುದೇ? ಓಡಿಹೋಗಿ ಅತ್ತೆಯನ್ನೇ ಕೇಳಿದೆ.

"ಕುಂಕುಮ ಇಡೋದು ದೀಪದ ಕಂಬಕ್ಕೆ ಕಣೇ, ಜ್ಯೋತಿಗೆ ಯಾರಾದ್ರೂ ಇಡ್ತಾರಾ? ಬೇಗ ಒರ್ಸು, ಮಂಗಳಾರತಿ ಆಗೋಗತ್ತೆ."

ಸೆರಗು ಒದ್ದೆ ಮಾಡಿಕೊಂಡು ಒಂದೊಂದೇ ಹಣೆ ಒರೆಸಿದೆ. ಹಸಿರು, ಹಸಿರು, ಹಸಿರು. ಊರ ಚಾನೆಲ್ಲಿನದು ಮಾತ್ರ ಒರೆಸಿದಷ್ಟೂ ಕೆಂಪು. ಎಳೆದು ಮತ್ತೆ ಒತ್ತಿ ಕೂರಿಸು ಎಂದರು ಇವರು. ನರಸಿಂಹಾ ಎಂದು ಒತ್ತಿದೆ. ಹಸಿರಾಯಿತು. ಬಂದು ನೋಡಿದರೆ ಟಿವಿಯಲ್ಲಿ ಆರತಿ ತಟ್ಟೆ ಮೇಲೇಳುತ್ತಿದೆ. ಅತ್ತೆ ಮಂಚದಿಂದಲೇ ಅದರತ್ತ ಕೈಚಾಚಿ ಆರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದಾರೆ. ಆಮೇಲೆ ಕೇಳಿದ್ದು ನೀರನ್ನಲ್ಲ, ಕಾಫಿಯನ್ನು. ಭಗವಂತ ದೊಡ್ಡವನು.

ಮರುವರ್ಷದಿಂದ ಆಯುಧಪೂಜೆಗೆ ಮುಂಚೆ ಇವರೇ ಪ್ರತಿ ಮಾಡ್ಯೂಲಿನ ಮೇಲೂ ಸೀಮೆಸುಣ್ಣದಲ್ಲಿ ಗುರುತು ಹಾಕತೊಡಗಿದರು, ಹಣೆ ಇಲ್ಲಿ ಎಂದು. ಅಷ್ಟಕ್ಕೇ ಬಿಡಲಿಲ್ಲ. ಒಂದು ಬೆಳಿಗ್ಗೆ ನನ್ನ ಹಣೆ ನೋಡಿ, ಇಲ್ಲೂ ಕೆಂಪು ದೀಪ ಉರೀತಿದೆಯಲ್ಲ, ಏನು ತೊಂದರೆ ಎಂದು ಛೇಡಿಸಿದರು.

"ಇದೊಂದು ಕೆಂಪಗಿದ್ರೇನೇ ನೀವು ಕ್ಷೇಮ ಅಂತ ಅರ್ಥ," ಎಂದೆ.

ಗೆದ್ದೆನೆಂದುಕೊಂಡೆ. ಆದರೆ ಅಂದಿನಿಂದ, ಒಲೆಯ ಮುಂದೆ ಬೆವರಿ ನನ್ನ ಕುಂಕುಮ ಒಂದಿಷ್ಟು ಕದಡಿದರೂ ಸಾಕು, ಸಿಗ್ನಲ್ ವೀಕಾಗಿದೆ, ಕನ್ನಡಿ ನೋಡಿಕೋ ಎಂದು ನಡುಮನೆಯಿಂದಲೇ ಕೂಗುತ್ತಾರೆ.