ಗೇಟಿಗೆ ಸುಸ್ತು

ಟೆಸ್ಟಪ್ಪನಿಗೆ ಸ್ವಂತದ್ದೊಂದು ಗೇಟು ಇರಲಿಲ್ಲ.

ಗೇಟಿನ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ ಇದು ಸಣ್ಣ ಕೊರತೆಯಲ್ಲ. ಕಾರು ನಿಲ್ಲಿಸುವ ಕಟ್ಟಡಗಳ ಬಾಯಿಗೆ ಅಡ್ಡವಾಗಿ ಮಲಗಿರುವ ಉದ್ದನೆಯ ಕೋಲನ್ನು ಎತ್ತಿ ಇಳಿಸುವುದು ಆ ಸಾಫ್ಟ್‌ವೇರಿನ ಕೆಲಸ. ಇಡೀ ಕಂಪನಿಗೆ ಇದ್ದದ್ದು ಒಂದೇ ಗೇಟು, ಅದೂ ಅವರು ಬಾಡಿಗೆಗಿದ್ದ ಕಟ್ಟಡದ ನೆಲಮಾಳಿಗೆಯದು. ಅದಕ್ಕೆ ತಂತಿ ಹೋಗಿದ್ದದ್ದು ಮೂರನೇ ಮಹಡಿಯ ಒಂದೇ ಕಂಪ್ಯೂಟರಿನಿಂದ. ಸಾಫ್ಟ್‌ವೇರ್ ಸರಿಯಿದೆಯೇ ಎಂದು ತಾವಾಗಿಯೇ ಪರೀಕ್ಷಿಸಿ ಹೇಳುವ ಟೆಸ್ಟುಗಳನ್ನು ಬರೆಯುವವನು ಇವನು. ಅದಕ್ಕೇ ಟೆಸ್ಟಪ್ಪ. ತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಕೆಲಸ ಇನ್ನೂ ತಾತ್ಕಾಲಿಕ. ಮಲಗುವುದು ಅಕ್ಕನ ಮನೆಯ ಸೋಫಾದ ಮೇಲೆ. ಸೋಫಾ ಅವನಿಗಿಂತ ಒಂದು ಗೇಣು ಗಿಡ್ಡ.

"ಏನಪ್ಪ, ಇನ್ನೂ ಟೆಂಪರರಿನೇನಾ?" ಎಂದು ಬೆಳಗ್ಗೆ ಭಾವ ಕೇಳಿದ್ದರು. "ನಿನ್ನ ಪಾದ ನೋಡೀ ನೋಡೀ ನನಗೆ ಟಿವಿ ಎಲ್ಲಿದೆ ಅನ್ನೋದೇ ಮರೆತುಹೋಗಿದೆ."

"ಸುಮ್ನಿರೀ," ಎಂದು ಅಕ್ಕ ಒಳಗಿನಿಂದ ಕೂಗಿದ್ದಳು. "ಇವತ್ತು ಅವನು ಖಾಯಂ ಆಗ್ತಾನೆ. ಕೋಣೆ ಬೇರೆ ನೋಡಿಟ್ಟಿದಾನೆ."

ಆಗಲೇಬೇಕಿತ್ತು. ಸಂಜೆ ನಾಲ್ಕಕ್ಕೆ ದೊಡ್ಡ ಗಿರಾಕಿಯೊಬ್ಬರು ಗೇಟು ನೋಡಲು ಬರುವವರಿದ್ದರು. "ಅಷ್ಟರೊಳಗೆ ನಲವತ್ತು ಟೆಸ್ಟೂ ಹಸಿರಾಗಿರಬೇಕು," ಎಂದಿದ್ದರು ಕಂಪನಿಯ ಯಜಮಾನರು. "ಆಯ್ತೋ, ನೀನು ಖಾಯಂ. ಆಗ್ಲಿಲ್ವೋ..." ಉಳಿದದ್ದನ್ನು ಹೇಳದೆ ತಮ್ಮ ಟೈಯ ಗಂಟನ್ನು ಬಿಗಿ ಮಾಡಿಕೊಂಡರು. ಟೆಸ್ಟಪ್ಪ ಕುರ್ಚಿ ಎಳೆದುಕೊಂಡು ಕೂತ.

ಅವನು ಟೆಸ್ಟು ಓಡಿಸಿದ. ಪ್ರತಿ ಟೆಸ್ಟೂ ಗೇಟನ್ನೆತ್ತುವ ಕಮಾಂಡನ್ನು ಕರೆಯುತ್ತಿತ್ತು. ಆ ಕಮಾಂಡೆಂದರೆ ಬೇರೆಯದೇ ಒಂದು ಪುಟ್ಟ ಪ್ರೋಗ್ರಾಮು. ಅದು ಕೆಳಗೆ ಸಂಕೇತ ಕಳಿಸಿ, ಹತ್ತು ಸೆಕೆಂಡು ಕಾದು, ಕೋಲು ಮೇಲೆದ್ದರೆ 'ಎದ್ದಿದೆ' ಎನ್ನುತ್ತಿತ್ತು. ಇಲ್ಲದಿದ್ದರೆ 'ಏಳಲಿಲ್ಲ'. ಎದ್ದರೆ ಪರದೆಯ ಮೇಲೆ ಆ ಟೆಸ್ಟು ಹಸಿರು, ಏಳದಿದ್ದರೆ ಕೆಂಪು.

ಮೊದಲ ಸುತ್ತಿನಲ್ಲಿ ನಾಲ್ಕು ಟೆಸ್ಟು ಕೆಂಪಾದವು. ಒಂದಕ್ಷರ ಬದಲಿಸದೆ ಮತ್ತೆ ಓಡಿಸಿದರೆ ಆ ನಾಲ್ಕು ಹಸಿರಾಗಿ ಬೇರೆ ಒಂಬತ್ತು ಕೆಂಪಾದವು. ಮೂರನೇ ಸುತ್ತಿಗೆ ಅರ್ಧಕ್ಕರ್ಧ ಕೆಂಪು. ಗೇಟು ಒಮ್ಮೆ ನಾಲ್ಕು ಸೆಕೆಂಡಿಗೆ ಏಳುತ್ತಿತ್ತು, ಒಮ್ಮೆ ಸೋಮವಾರದ ಶಾಲೆ ಹುಡುಗನ ಹಾಗೆ ಎದ್ದಂತೆ ಮಾಡಿ ಮತ್ತೆ ಮಲಗುತ್ತಿತ್ತು.

ಇಂಟರ್‌ಕಾಮ್ ಹೊಡೆದುಕೊಂಡಿತು. ಕೆಳಗಿನ ಬೂತಿನಲ್ಲಿ ಗೇಟು ಕಾಯುವ ಗೇಟಕ್ಕ.

"ಏನೋ ತಮ್ಮಾ, ಮೇಲೆ ಕೂತು ಏನ್ ಮಾಡ್ತಿದೀಯ? ಒಂದು ಕಾರಿಲ್ಲ, ಒಂದು ಸ್ಕೂಟರಿಲ್ಲ, ಗೇಟು ಎದ್ದೂ ಇಳಿದೂ, ಎದ್ದೂ ಇಳಿದೂ!"

"ಟೆಸ್ಟು ಅಕ್ಕ. ಇನ್ನೊಂದು ಮೂರು ಸುತ್ತು ಅಷ್ಟೇ."

"ಮೂರು ಸುತ್ತಾ! ಗೇಟಿಗೆ ಸುಸ್ತಾಗಿದೆ ಕಣೋ!"

"ಗೇಟಿಗೆಂಥ ಸುಸ್ತಕ್ಕಾ? ಅದು ಯಂತ್ರ."

ಆ ಕಡೆ ಬರೀ ಏದುಸಿರು ಕೇಳಿಸಿತು. ಆಮೇಲೆ, "ನಿನ್ನ ತಲೆ," ಎಂದು ಫೋನಿಟ್ಟ ಸದ್ದು.

ಪಕ್ಕದ ಕುರ್ಚಿಯಲ್ಲಿ ಮೀಸೆ ಕೂತಿದ್ದ. ಕಂಪನಿಯ ಹಳೆಯ ಪ್ರೋಗ್ರಾಮರು, ಮೀಸೆ ತಿರುವದೆ ಯೋಚನೆ ಮಾಡಲಾರ.

"ನೀನು ಟೆಸ್ಟ್ ಮಾಡ್ತಿರೋದು ಸಾಫ್ಟ್‌ವೇರನ್ನೋ ಗೇಟನ್ನೋ?"

"ಸಾಫ್ಟ್‌ವೇರನ್ನ."

"ಮತ್ತೆ ಗೇಟನ್ನ ಯಾಕೋ ಕುಣಿಸ್ತೀಯ? ಹೊರಗಿನ ಕಮಾಂಡನ್ನ ನಂಬ್ಕೊಂಡು ಟೆಸ್ಟ್ ಬರೆದ್ರೆ ಹೀಗೇ ಆಗೋದು. ನಕಲಿ ಇಡೋ."

ಉಪಾಯ ಸರಳವಾಗಿತ್ತು. ಕಮಾಂಡು ಬೇಕಾದಾಗ ಕಂಪ್ಯೂಟರು ಒಂದರ ನಂತರ ಒಂದು ಫೋಲ್ಡರಿನಲ್ಲಿ ಹುಡುಕುತ್ತದೆ. ಆ ಹೆಸರಿನದು ಮೊದಲು ಎಲ್ಲಿ ಸಿಕ್ಕಿತೋ ಅದನ್ನೇ ಓಡಿಸುತ್ತದೆ, ಅಪ್ಪ ಅಮ್ಮ ಯಾರೆಂದು ಕೇಳುವುದಿಲ್ಲ. ಟೆಸ್ಟಪ್ಪ ಅಸಲಿ ಕಮಾಂಡಿನ ಹೆಸರಿನಲ್ಲೇ ಎರಡು ಸಾಲಿನ ನಕಲಿ ಬರೆದು, ಎಲ್ಲಕ್ಕಿಂತ ಮುಂದಿನ ಫೋಲ್ಡರಿನಲ್ಲಿ ಕೂರಿಸಿದ. ಯಾರು ಕರೆದರು ಎಂದು ಗುರುತು ಹಾಕಿಕೊಂಡು 'ಎದ್ದಿದೆ' ಎನ್ನುವುದಷ್ಟೇ ಅದರ ಕೆಲಸ. ನಿಜವಾದ ಗೇಟಿಗೆ ಸುದ್ದಿಯೇ ಹೋಗುವುದಿಲ್ಲ.

ನಲವತ್ತೂ ಹಸಿರು. ಮತ್ತೆ ಓಡಿಸಿದ, ಮತ್ತೂ ಹಸಿರು. ಪರದೆ ಹುಲ್ಲುಗಾವಲಾಯಿತು. ಯಜಮಾನರು ಬಂದು ನೋಡಿ ಅವನ ಬೆನ್ನು ತಟ್ಟಿದರು. ಗೇಟಕ್ಕನ ಫೋನೂ ಬರಲಿಲ್ಲ. ಟೆಸ್ಟಪ್ಪ ಊಟಕ್ಕೆ ಹೋಗಿ, ಎಂದೂ ಇಲ್ಲದ್ದು ಎರಡು ಸಲ ಬಡಿಸಿಕೊಂಡ.

ನಾಲ್ಕಕ್ಕೆ ಗೇಟಿನ ಮುಂದೆ ಕಪ್ಪು ಕಾರು ಬಂದು ನಿಂತಿತು. ಮೂರನೇ ಮಹಡಿಯ ಕಿಟಕಿಯ ಬಳಿ ಯಜಮಾನರು ಫೋನು ಕಿವಿಗಿಟ್ಟುಕೊಂಡು, "ಈಗ ನೋಡಿ ಮೇಡಂ," ಎಂದು ಕಂಪ್ಯೂಟರಿನ ಗುಂಡಿ ಒತ್ತಿದರು.

ಪರದೆ 'ಎದ್ದಿದೆ' ಎಂದಿತು.

"ಎಲ್ರೀ ಎದ್ದಿದೆ?" ಎಂದಿತು ಫೋನು. "ನನ್ನ ಕಾರಿನ ಮೂತಿಗೆ ಅಡ್ಡ ಬಿದ್ಕೊಂಡಿದೆಯಲ್ರೀ!"

ಮೀಸೆ ಟೆಸ್ಟಪ್ಪನ ಪಕ್ಕೆ ತಿವಿದ. "ನಕಲಿ ತೆಗೆದ್ಯೇನೋ?"

ತೆಗೆದಿರಲಿಲ್ಲ. ಟೆಸ್ಟಪ್ಪ ಕಂಪ್ಯೂಟರಿನ ಕಡೆ ಹಾರಿದ. ಯಜಮಾನರ ಕಂಕುಳಡಿಯಿಂದ ಕೈ ತೂರಿಸಿ ನಕಲಿಯನ್ನು ಅಳಿಸಿ ಹಾಕಿದ. "ಇನ್ನೊಂದ್ಸಲ ಒತ್ತಿ ಸರ್!"

ಒತ್ತಿದರು. ಹತ್ತು ಸೆಕೆಂಡು ಕಳೆಯಿತು. 'ಏಳಲಿಲ್ಲ.'

ಈಗ ಕರೆದದ್ದು ಅಸಲಿ ಕಮಾಂಡನ್ನೇ. ಯಜಮಾನರ ಮುಖ ಸುಣ್ಣ ಬಳಿದ ಗೋಡೆಯಾಯಿತು. "ಗೇಟಕ್ಕ ಎಲ್ಲಿ ಸತ್ರು ನೋಡೋ!"

ಇದರಲ್ಲಿ ಗೇಟಕ್ಕನದೇನು ಎಂದು ಕೇಳುವಷ್ಟು ಪುರುಸೊತ್ತಿರಲಿಲ್ಲ. ಟೆಸ್ಟಪ್ಪ ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿ ಇಳಿದ. ಬೂತಿನಲ್ಲಿ ಗೇಟಕ್ಕ ಕುರ್ಚಿಗೊರಗಿ ಗೊರಕೆ ಹೊಡೆಯುತ್ತಿದ್ದರು. ತಲೆಯ ಮೇಲೆ ಒಂದು ಕೆಂಪು ದೀಪ ಉರಿಯುತ್ತಿತ್ತು.

"ಅಕ್ಕಾ! ಗೇಟು ಏಳ್ತಿಲ್ಲ!"

ಗೇಟಕ್ಕ ಬೆಚ್ಚಿ ಎದ್ದವರೇ ದೀಪ ನೋಡಿದರು. ನೋಡಿದವರೇ ಕುರ್ಚಿಯ ಹಿಂದಿನ ಕಬ್ಬಿಣದ ಹಿಡಿಕೆಗೆ ಜೋತುಬಿದ್ದು ತಿರುಗಿಸತೊಡಗಿದರು. ಹೊರಗೆ ಕೋಲು ಒಂದು ಮೊಳ ಎದ್ದಿತು.

"ಇದೇನಕ್ಕಾ ಮಾಡ್ತಿದೀರಿ?"

"ಎತ್ತುತಿದೀನಲ್ಲೋ! ಊಟ ಆದ್ಮೇಲೆ ದೀಪಾನೇ ಹತ್ತಲಿಲ್ಲ, ಹಾಗೇ ನಿದ್ದೆ ಬಂದ್ಬಿಡ್ತು."

"ಮೋಟಾರು?"

"ಯಾವ ಮೋಟಾರು?" ಗೇಟಕ್ಕ ಮೋಟಾರಿನ ಪೆಟ್ಟಿಗೆಯ ಬಾಗಿಲನ್ನು ಕಾಲಿನಿಂದ ತೆರೆದರು. ಒಳಗೆ ಒಂದು ಊಟದ ಡಬ್ಬಿ, ಒಂದು ಕೊಡೆ, ಅರ್ಧ ಹೆಣೆದ ಸ್ವೆಟರು. "ಸುಟ್ಟು ಮೂರು ತಿಂಗಳಾಯ್ತು. ಹೊಸದು ಬರೋವರೆಗೆ ದೀಪ ಹತ್ತಿದಾಗ ತಿರುಗಿಸ್ತಿರಿ, ಯಾರಿಗೂ ಹೇಳ್ಬೇಡಿ ಅಂದಿದ್ರು ನಿಮ್ಮ ಯಜಮಾನ್ರು. ಮೂರು ತಿಂಗಳಲ್ಲಿ ಎತ್ತದಷ್ಟು ಇವತ್ತು ಬೆಳಗ್ಗೆ ಎತ್ತಿಸಿದೀಯ, ಪುಣ್ಯಾತ್ಮ. ಭುಜ ಹಿಡ್ಕೊಂಡಿದೆ. ನೀನೇ ತಿರುಗಿಸು!"

ಟೆಸ್ಟಪ್ಪ ಹಿಡಿಕೆ ಹಿಡಿದ. ಬೆಳಗಿನ ಕೆಂಪು ಟೆಸ್ಟುಗಳು ಒಂದೊಂದಾಗಿ ಅರ್ಥವಾಗತೊಡಗಿದವು. ಇಡೀ ಕಂಪನಿಯಲ್ಲಿ ನಿಜ ಹೇಳುತ್ತಿದ್ದವು ಅವು ಮಾತ್ರ. ಅವನ್ನು ಹಿಡಿದು ಬಾಯಿ ಮುಚ್ಚಿಸಿದವನು ತಾನು.

ಗೇಟು ಎದ್ದಿತು. ಕಾರು ಒಳಗೆ ಬಂತು. ಅದರಿಂದಿಳಿದ ಹೆಂಗಸು ಫೋನಿನಲ್ಲಿ ಯಜಮಾನರಿಗೆ, "ಇನ್ನೊಂದ್ಸಲ," ಎಂದರು. ದೀಪ ಹತ್ತಿತು, ತಿರುಗಿಸಿದ. "ಮತ್ತೊಂದ್ಸಲ." ತಿರುಗಿಸಿದ. ಹನ್ನೆರಡನೆಯ ಸಲಕ್ಕೆ ಅಂಗಿ ಒದ್ದೆಯಾಗಿ ಬೆನ್ನಿಗಂಟಿತ್ತು. ಬೂತಿನ ಹೊರಗೆ ಆಕೆಯ ದನಿ ಕೇಳಿಸಿತು: "ಎಷ್ಟು ಮೆತ್ತಗೆ ಏಳುತ್ರೀ! ಬೇರೆ ಕಂಪನಿಯವರದು ಬೆಚ್ಚಿದ ಕುದುರೆ ಥರ ಜಿಗಿಯುತ್ತೆ. ನಾಳೆ ನಮ್ಮ ಪಾಲುದಾರರನ್ನ ಕರ್ಕೊಂಡು ಬರ್ತೀನಿ. ವಾರವೆಲ್ಲ ನೋಡ್ತಾರೆ."

ಕಾರು ಹೋದ ಮೇಲೆ ಯಜಮಾನರು ಬೂತಿನೊಳಗೆ ನುಗ್ಗಿ ಟೆಸ್ಟಪ್ಪನನ್ನು ತಬ್ಬಿಕೊಂಡರು.

"ಖಾಯಂ ಕಣೋ! ನೀನು ಖಾಯಂ!"

"ಥ್ಯಾಂಕ್ಸ್ ಸರ್. ಮೋಟಾರು..."

"ಬರುತ್ತೆ, ಬರುತ್ತೆ. ಅಲ್ಲೀವರೆಗೆ ಹೇಗೂ ಗೇಟಕ್ಕ..."

"ಗೇಟಕ್ಕ ಇಲ್ಲ," ಎಂದರು ಗೇಟಕ್ಕ. ಡಬ್ಬಿ, ಕೊಡೆ, ಸ್ವೆಟರು ಆಗಲೇ ಚೀಲ ಸೇರಿದ್ದವು. "ನಾಳೆಯಿಂದ ಮಗಳ ಮನೆಗೆ. ಈ ಭುಜ ಇಟ್ಕೊಂಡು ನನ್ನಿಂದಾಗಲ್ಲ." ಹೊರಡುವ ಮುಂಚೆ ಟೆಸ್ಟಪ್ಪನ ಕಡೆ ತಿರುಗಿ, "ಎಣ್ಣೆ ಬಿಡ್ತಿರು, ಗಟ್ಟಿಯಾಗುತ್ತೆ," ಎಂದರು.

ಯಜಮಾನರು ಸ್ವಲ್ಪ ಹೊತ್ತು ಹಿಡಿಕೆ ನೋಡಿದರು. ಆಮೇಲೆ ಟೆಸ್ಟಪ್ಪನನ್ನು ನೋಡಿದರು.

"ಹೊಸಬರನ್ನ ತಂದ್ರೆ ಗುಟ್ಟು ಬೀದಿಗೆ ಬರುತ್ತೆ," ಎಂದರು ಮೆಲ್ಲಗೆ. "ವಿಷಯ ಗೊತ್ತಿರೋದು ನಮ್ಮಿಬ್ರಿಗೇ. ನಾನಂತೂ ಟೈ ಕಟ್ಕೊಂಡಿದೀನಿ."

"ಸರ್, ನಾನು ಖಾಯಂ ಅಂದ್ರಲ್ಲ?"

"ಖಾಯಮ್ಮೇ ಕಣಪ್ಪ! ಇಲ್ಲಿ."

"ಸಂಬಳ?"

"ಬೂತಿನ ಕೆಲಸಕ್ಕೆ ಬೂತಿನ ಸಂಬಳ."

ಟೆಸ್ಟಪ್ಪ ಕಳೆದುಕೊಂಡದ್ದು ಇಷ್ಟು: ಮೂರನೇ ಮಹಡಿಯ ಒಂದು ಕುರ್ಚಿ, ಒಂದು ಕಂಪ್ಯೂಟರು, ಅರ್ಧ ಸಂಬಳ, ಬಾಡಿಗೆಗೆ ನೋಡಿಟ್ಟಿದ್ದ ಒಂದು ಕೋಣೆ.